ನಾಲ್ವರು ಬಂದಿದ್ದರು



ಪರದೇಶದಲ್ಲಿ ನಿಮ್ಮ ಮನೆಗೆ ಕಳ್ಳರು ನುಗ್ಗಿದ್ದರಂತಲ್ಲ, ಆ ಕಥೆ ಹೇಳಿ ಎಂದು ನನ್ನನ್ನು ಇಲ್ಲಿ ಕೂರಿಸಿದ್ದಾರೆ. ಮೊದಲು ಆ ಮಾತನ್ನೇ ತಿದ್ದಿಬಿಡುತ್ತೇನೆ. ಕಳ್ಳ ನಮಗೆ ಹೆದರುವವನು. ನಾವು ಮಲಗಿದ ಮೇಲೆ, ಇಲ್ಲವೇ ಮದುವೆಗೋ ಜಾತ್ರೆಗೋ ಹೋದ ಮೇಲೆ ಬರುತ್ತಾನೆ. ನಮ್ಮ ಮನೆಗೆ ಬಂದವರು ನಾವು ಒಳಗಿದ್ದೇವೆ ಎಂದು ಗೊತ್ತಿದ್ದೇ ಬಂದವರು. ಬೀರುವಿನ ಬೀಗದ ಕೈ ಎಲ್ಲಿದೆ ಎಂದು ಹೇಳುವುದಕ್ಕೆ ಮನೆಯವರು ಬೇಕಲ್ಲ! ದಕ್ಷಿಣ ಆಫ್ರಿಕಾದ ಪೊಲೀಸರು ಇವೆರಡನ್ನೂ ಬೇರೆ ಬೇರೆ ಲೆಕ್ಕ ಇಡುತ್ತಾರೆ. ಖಾಲಿ ಮನೆಗೆ ಬಿದ್ದ ಕನ್ನ ಒಂದು ಪಟ್ಟಿಯಲ್ಲಿ, ಜನ ಇದ್ದ ಮನೆಗೆ ನುಗ್ಗಿ ಬೆದರಿಸಿ ಕಿತ್ತುಕೊಂಡದ್ದು ಇನ್ನೊಂದರಲ್ಲಿ. ನಮ್ಮದು ನಡೆದದ್ದು 2015ರ ಜೂನ್‌ನಲ್ಲಿ. ಆ ಸುಮಾರಿಗೆ ಅಲ್ಲಿ ವರ್ಷವೊಂದಕ್ಕೆ ಈ ಎರಡನೇ ಪಟ್ಟಿಯಲ್ಲೇ 20 ಸಾವಿರಕ್ಕೂ ಹೆಚ್ಚು ಮನೆಗಳು ಸೇರುತ್ತಿದ್ದವು. ಅದರಲ್ಲಿ ನಮ್ಮದೊಂದು.

ನಮ್ಮ ದೇಶದ ಕಾನೂನಿನಲ್ಲಿ ತಲೆ ಎಣಿಸುವ ಪದ್ಧತಿ ಇದೆ. ಐದು ಜನಕ್ಕಿಂತ ಕಡಿಮೆ ಇದ್ದರೆ ಅದು ಸುಲಿಗೆ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಕೂಡಿ ಬಂದರೆ ಡಕಾಯಿತಿ. ನಮ್ಮ ಮನೆಗೆ ಬಂದವರು ನಾಲ್ವರು. ಈ ಲೆಕ್ಕ ಸ್ವಲ್ಪ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ನಾವು ಜೊಹಾನ್ಸ್‌ಬರ್ಗ್‌ಗೆ ಹೋದದ್ದು ಹೇಗೆ ಅನ್ನುವುದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಕೆ.ಜಿ.ಎಫ್. ಹುಡುಗಿ. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಡಿಯ ಕೆಲಸ ಮಾಡಿದವರು. ನಮ್ಮೆಜಮಾನರು ಅದೇ ಗಣಿಯಲ್ಲಿ ಕೆಳಕ್ಕೆ ಗಾಳಿ ಹರಿಸುವ ವಿಭಾಗದಲ್ಲಿ ಎಂಜಿನಿಯರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮೂರು ಕಿಲೋಮೀಟರ್ ಆಳಕ್ಕೆ ಗಾಳಿ ಕಳಿಸುವ ವಿದ್ಯೆ ಕಲಿತವನಿಗೆ ಬೆಂಗಳೂರಿನಲ್ಲಿ ಏನು ಕೆಲಸ ಸಿಗುತ್ತದೆ? ಎರಡು ವರ್ಷ ಅಲ್ಲಿ ಇಲ್ಲಿ ಅಲೆದು, ಕೊನೆಗೆ ಅದಕ್ಕಿಂತಲೂ ಆಳಕ್ಕೆ ಇಳಿಯುವ ಗಣಿಗಳಿರುವ ಊರಿಗೆ ಹೊರಟೆವು. ವಿಮಾನ ಇಳಿಯುವಾಗ ಕಿಟಕಿಯಿಂದ ನೋಡಿದರೆ ಊರಂಚಿಗೆ ಹಳದಿ ಬಣ್ಣದ ಬೋಳು ಗುಡ್ಡಗಳು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ರಾಶಿ. ನಮ್ಮೂರಿನ ಸೈನೈಡ್ ದಿಬ್ಬಗಳ ಅಣ್ಣತಮ್ಮಂದಿರು. "ನೋಡೇ, ಮಾರಿಕುಪ್ಪಂಗೆ ಬಂದ್ವಿ" ಅಂದರು ಇವರು. ಜುಲು ಭಾಷೆಯಲ್ಲಿ ಆ ಊರಿಗೆ ಎಗೋಲಿ ಎನ್ನುತ್ತಾರೆ, ಚಿನ್ನದ ಊರು ಅಂತ. 1886ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಊರು ಹುಟ್ಟಿತು. ನಮ್ಮ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಗಣಿ ಶುರು ಮಾಡಿದ್ದು 1880ರಲ್ಲಿ. ಹಾಗೆ ನೋಡಿದರೆ ನಾವೇ ಹಿರಿಯರು.

ಅಲ್ಲಿ ಮನೆ ಅಂದರೆ ಹೇಗಿರುತ್ತದೆ ಅಂತ ಹೇಳಬೇಕು. ಆಳೆತ್ತರಕ್ಕಿಂತ ಎತ್ತರದ ಕಾಂಪೌಂಡು, ಅದರ ಮೇಲೆ ಆರೆಂಟು ಎಳೆ ಕರೆಂಟು ತಂತಿ. ಗೇಟಿಗೆ ಮೋಟಾರು. ಕಿಟಕಿಗಳಿಗೆಲ್ಲ ಸರಳು. ಮನೆಯೊಳಗೇ, ನಡುಮನೆಗೂ ಮಲಗುವ ಕೋಣೆಗಳಿಗೂ ನಡುವೆ, ಮತ್ತೊಂದು ಕಬ್ಬಿಣದ ಗೇಟು. ರಾತ್ರಿ ಮಲಗುವಾಗ ಅದಕ್ಕೂ ಬೀಗ. ಕಾಂಪೌಂಡಿನ ಮೇಲೆ ಯಾವುದೋ ಖಾಸಗಿ ಭದ್ರತಾ ಕಂಪನಿಯ ಬೋರ್ಡು: ಗುಂಡಿ ಒತ್ತಿದರೆ ಬಂದೂಕು ಹಿಡಿದ ಕಾವಲುಗಾರರು ಬರುತ್ತಾರೆ ಅಂತ. ಆ ದೇಶದಲ್ಲಿ ಪೊಲೀಸರಿಗಿಂತ ಖಾಸಗಿ ಕಾವಲುಗಾರರ ಸಂಖ್ಯೆಯೇ ಹೆಚ್ಚು. ಮೊದಲ ಸಲ ಬಂದಾಗ ಅಮ್ಮ ಮನೆಯನ್ನೆಲ್ಲ ಸುತ್ತಿ ನೋಡಿ, "ಇದೇನೇ, ನೀವು ತಪ್ಪು ಮಾಡಿ ಒಳಗಡೆ ಇದ್ದೀರೋ, ಅವರು ತಪ್ಪು ಮಾಡಿ ಹೊರಗಡೆ ಇದ್ದಾರೋ?" ಎಂದು ಕೇಳಿದ್ದಳು. ನಗು ಬಂತು. ಹನ್ನೆರಡು ವರ್ಷ ಏನೂ ಆಗಿರಲಿಲ್ಲ. ಏನೂ ಆಗದಿದ್ದರೆ ಸರಳುಗಳು ಕಣ್ಣಿಗೆ ಬೀಳುವುದು ನಿಂತುಹೋಗುತ್ತದೆ.

2015ರಲ್ಲಿ ಅಮ್ಮ ಎರಡನೇ ಸಲ ಬಂದಿದ್ದಳು. ಎಪ್ಪತ್ತೊಂದು ವಯಸ್ಸು. ಪೆಟ್ಟಿಗೆಯಲ್ಲಿ ಐದು ಕಿಲೋ ರಾಗಿಹಿಟ್ಟು, ಹುರುಳಿ, ಹುಣಸೆಹಣ್ಣು, ತಾನೇ ಕುಟ್ಟಿದ ಸಾರಿನಪುಡಿ. ಅಲ್ಲಿ ಜೂನ್ ಅಂದರೆ ಚಳಿಗಾಲ. ಜೊಹಾನ್ಸ್‌ಬರ್ಗ್ ಸಮುದ್ರಮಟ್ಟದಿಂದ ಐದೂವರೆ ಸಾವಿರ ಅಡಿಗೂ ಎತ್ತರದಲ್ಲಿದೆ. ಹುಲ್ಲೆಲ್ಲ ಒಣಗಿ ಹಳದಿ, ಸಂಜೆ ಐದೂವರೆಗೇ ಹೊತ್ತು ಮುಳುಗಿ ಕತ್ತಲು. ಆ ವರ್ಷ ಲೋಡ್ ಶೆಡ್ಡಿಂಗ್ ಬೇರೆ ಜೋರಾಗಿತ್ತು. ನಮ್ಮ ಕೆ.ಜಿ.ಎಫ್.ಗೆ ಶಿವನಸಮುದ್ರದಿಂದ ಕರೆಂಟು ಬಂದದ್ದು 1902ರಲ್ಲಿ, ಬೆಂಗಳೂರಿಗೂ ಮೊದಲು. ಅದನ್ನು ಹೇಳಿಕೊಂಡು ಬೆಳೆದವಳು ನಾನು, ನೂರು ವರ್ಷದ ಮೇಲೆ ಆಫ್ರಿಕಾದ ಅತಿ ಶ್ರೀಮಂತ ಊರಲ್ಲಿ ಮೇಣದಬತ್ತಿ ಹುಡುಕುತ್ತಿದ್ದೆ.

ಕರೆಂಟು ಹೋದರೆ ಬರೀ ದೀಪ ಆರುವುದಿಲ್ಲ, ನೋಡಿ. ಕಾಂಪೌಂಡಿನ ತಂತಿ, ಗೇಟಿನ ಮೋಟಾರು, ಅಲಾರಂ ಎಲ್ಲ ಬ್ಯಾಟರಿ ಮೇಲೆ ನಡೆಯಬೇಕು. ದಿನದಿನವೂ ಗಂಟೆಗಟ್ಟಲೆ ಕರೆಂಟು ಹೋದರೆ ಬ್ಯಾಟರಿಗೆ ಮತ್ತೆ ತುಂಬಿಕೊಳ್ಳಲು ಹೊತ್ತು ಸಾಲುವುದಿಲ್ಲ. ಹಳೆಯ ಬ್ಯಾಟರಿಯಾದರೆ ಬೇಗ ಕೈಕೊಡುತ್ತದೆ. ನಮ್ಮದು ಹಳೆಯದು. ಬದಲಾಯಿಸಬೇಕು ಅಂತ ಎರಡು ತಿಂಗಳಿಂದ ಅಂದುಕೊಳ್ಳುತ್ತಿದ್ದೆವು. ಆ ಸಂಜೆ ಆರೂವರೆಗೆ ಇವರು ಕೆಲಸದಿಂದ ಬಂದರು. ಗೇಟಿನ ಮೋಟಾರು ಅಲ್ಲಾಡಲಿಲ್ಲ. ಕಾರಿನಿಂದ ಇಳಿದು ಕೈಯಲ್ಲಿ ಗೇಟು ತಳ್ಳಿದರು. ಅಷ್ಟು ಸಾಕಾಯಿತು.

ನಾನು ಒಳಗೆ ಗ್ಯಾಸ್ ಒಲೆಯ ಮುಂದೆ ಇದ್ದೆ. ಒಂದು ಒಲೆ ಮೇಲೆ ಹುರುಳಿ ಬಸ್ಸಾರು, ಇನ್ನೊಂದರಲ್ಲಿ ಆಗಷ್ಟೇ ತಿರುವಿದ ಮುದ್ದೆ. ದಡ್ ಅಂತ ಒಂದು ಶಬ್ದ. ತಟ್ಟೆಗಳು ಗಲಗಲ ಅಂದವು. ನನಗೆ ಮೊದಲು ಹೊಳೆದದ್ದು ಏನು ಗೊತ್ತೇ? ರಾಕ್ ಬರ್ಸ್ಟ್. ನಮ್ಮೂರಲ್ಲಿ ನೆಲದಡಿ ಬಂಡೆ ಸಿಡಿದರೆ ಮೇಲೆ ಅಡುಗೆಮನೆ ಪಾತ್ರೆ ಅಲುಗುತ್ತಿತ್ತು. ಹೆಂಗಸರೆಲ್ಲ ಕೈಯಲ್ಲಿದ್ದದ್ದು ಬಿಟ್ಟು ಶಾಫ್ಟಿನ ಕಡೆ ಓಡುತ್ತಿದ್ದರು. ಜೊಹಾನ್ಸ್‌ಬರ್ಗ್‌ನಲ್ಲೂ ಗಣಿಯ ಕಾರಣಕ್ಕೆ ಆಗಾಗ ನೆಲ ನಡುಗುವುದುಂಟು. ತಿರುಗಿ ಅಮ್ಮನ ಮುಖ ನೋಡಿದೆ. ಅವಳೂ ಅದನ್ನೇ ಅಂದುಕೊಂಡಿದ್ದಳು, ಎದ್ದು ನಿಂತಿದ್ದಳು. ಅಷ್ಟರಲ್ಲಿ ಇವರನ್ನು ಮುಂದೆ ತಳ್ಳಿಕೊಂಡು ಅವರು ಒಳಗೆ ಬಂದರು. ದಡ್ ಅಂದದ್ದು ಬಾಗಿಲು ಗೋಡೆಗೆ ಬಡಿದದ್ದು. ಇವರ ಕುತ್ತಿಗೆಯ ಹಿಂದೆ ಪಿಸ್ತೂಲು. ಮುಂದಿದ್ದವನು ನನ್ನನ್ನು ನೋಡಿ ಗುಡ್ ಈವ್ನಿಂಗ್ ಅಂದ. ನಾನೂ ಗುಡ್ ಈವ್ನಿಂಗ್ ಅಂದೆ. ಕಾನ್ವೆಂಟಿನಲ್ಲಿ ಕಲಿತ ಅಭ್ಯಾಸ, ಎಲ್ಲಿಗೆ ಹೋಗುತ್ತದೆ?

ಬಂದೂಕೆಲ್ಲಿ ಅನ್ನುವುದು ಅವರು ಕೇಳಿದ ಮೊದಲ ಪ್ರಶ್ನೆ. ದುಡ್ಡಲ್ಲ, ಚಿನ್ನವಲ್ಲ, ಬಂದೂಕು. ಅಲ್ಲಿ ಲೈಸೆನ್ಸಿನ ಬಂದೂಕು ಇಟ್ಟುಕೊಂಡ ಮನೆ ಬಹಳ. ಅದನ್ನು ಕದ್ದರೆ ಮುಂದಿನ ಹತ್ತು ದರೋಡೆಗೆ ಬಂಡವಾಳ. ಬಂದೂಕು ಇಲ್ಲ ಅಂದರು ಇವರು. ನಂಬಲಿಲ್ಲ. ಮತ್ತೆ ಕೇಳಿದ. ಮತ್ತೆ ಅದೇ ದನಿಯಲ್ಲಿ, ಇಲ್ಲ. ನಾನು ಮೂವತ್ತು ವರ್ಷದ ಸಂಸಾರದಲ್ಲಿ ಇವರ ಬಾಯಿಂದ ಅಷ್ಟು ತಗ್ಗಿದ, ಅಷ್ಟು ಸಮವಾದ ದನಿ ಕೇಳಿರಲಿಲ್ಲ. ಮನೆಯಲ್ಲಿ ಟಿ.ವಿ. ರಿಮೋಟು ಸಿಗದಿದ್ದರೆ ಎಗರಾಡುವ ಮನುಷ್ಯ.

ಮೂವರನ್ನೂ ನಡುಮನೆಯಲ್ಲಿ ನೆಲದ ಮೇಲೆ ಕೂರಿಸಿದರು. ಕೈ ಕಟ್ಟಲು ಹಗ್ಗ ತಂದಿರಲಿಲ್ಲ. ಬೀರುವಿನಿಂದ ಇವರ ನೆಕ್‌ಟೈಗಳನ್ನು ತಂದರು. ಗಣಿಗೆ ಹೋಗುವವರಿಗೆ ನೆಕ್‌ಟೈ ಯಾಕೆ ಎಂದು ನಾನು ಪ್ರತಿ ವರ್ಷ ಬೈಯುತ್ತಿದ್ದ ಆ ಆರು ನೆಕ್‌ಟೈಗಳಲ್ಲಿ ಎರಡಕ್ಕೆ ಅಂದು ಉಪಯೋಗ ಬಂತು. ಇವರನ್ನೂ ನನ್ನನ್ನೂ ಕಟ್ಟಿದರು. ಅಮ್ಮನನ್ನು ಕಟ್ಟಲಿಲ್ಲ. ನಾಲ್ವರಲ್ಲಿ ತೀರಾ ಚಿಕ್ಕವನೊಬ್ಬನಿದ್ದ, ಇಪ್ಪತ್ತು ಕೂಡ ಇರಲಾರದು, ಅವನು ಅಮ್ಮನಿಗೆ "ಗೋಗೊ, ಕೂತ್ಕೋ" ಎಂದು ಸನ್ನೆ ಮಾಡಿ ಸೋಫಾ ತೋರಿಸಿದ. ಗೋಗೊ ಅಂದರೆ ಅಜ್ಜಿ.

ನಾನು ಕೂತಲ್ಲಿಂದ ಅಡುಗೆಮನೆಯ ಬಾಗಿಲು ಕಾಣುತ್ತಿತ್ತು. ಫ್ರಿಜ್ಜಿನ ಪಕ್ಕ ಒಂದು ಮೊಳೆ. ಅದಕ್ಕೆ ದಾರದಲ್ಲಿ ತೂಗುಹಾಕಿದ ಪ್ಯಾನಿಕ್ ಬಟನ್. ಬೆಂಕಿಪೊಟ್ಟಣದಷ್ಟು ದೊಡ್ಡದು. ಅವರು ಒಳಗೆ ಬಂದ ಕ್ಷಣ ನಾನು ಅದರಿಂದ ಒಂದು ಮೊಳ ದೂರದಲ್ಲಿ ಸೌಟು ಹಿಡಿದು ನಿಂತಿದ್ದೆ. ಒತ್ತಲಿಲ್ಲ. ಹತ್ತು ವರ್ಷದಿಂದ ನನ್ನನ್ನು ಎಲ್ಲರೂ ಕೇಳುವುದು ಇದೊಂದನ್ನೇ. ಬೆಂಗಳೂರಿನ ನಾದಿನಿ ಕೇಳಿದಳು, ಬಂಗಾರಪೇಟೆಯ ಚಿಕ್ಕಪ್ಪ ಕೇಳಿದರು, ರೈಲಿನಲ್ಲಿ ಪಕ್ಕ ಕೂತವರೂ ಕೇಳಿದರು: "ನೀವು ಏನೂ ಮಾಡಲಿಲ್ವಾ?" ಖಾರದಪುಡಿ ಎರಚಬಹುದಿತ್ತು, ಕುದಿಯುವ ಸಾರು ಸುರಿಯಬಹುದಿತ್ತು, ಕೂಗಬಹುದಿತ್ತು. ಸಿನಿಮಾ ನೋಡಿ ನೋಡಿ ನಮಗೆಲ್ಲ ಇದು ಬಾಯಿಪಾಠ. ಮೊದಮೊದಲು ನಾನು ತಲೆ ತಗ್ಗಿಸಿ, ಇಲ್ಲ, ಏನೂ ಮಾಡಲಿಲ್ಲ ಅನ್ನುತ್ತಿದ್ದೆ. ಈಗ ಹಾಗೆ ಅನ್ನುವುದಿಲ್ಲ. ಆ ನಲವತ್ತು ನಿಮಿಷ ನಾವು ಮಾಡಿದಷ್ಟು ಕೆಲಸವನ್ನು ಜೀವಮಾನದಲ್ಲಿ ಮತ್ತೆ ಮಾಡಿಲ್ಲ. ಅದು ಹೊರಗೆ ಕಾಣುವಂಥದಲ್ಲ, ಅಷ್ಟೇ.

ಅಪ್ಪ ನಮಗೆ ಚಿಕ್ಕಂದಿನಲ್ಲಿ ಹೇಳುತ್ತಿದ್ದರು. ಗಣಿಯೊಳಗೆ ತಲೆಯ ಮೇಲಿನ ದೀಪ ಆರಿದರೆ ಹೊಸಬ ಓಡುತ್ತಾನೆ. ಓಡಿದವನು ಯಾವುದಾದರೂ ಗುಂಡಿಗೆ ಬೀಳುತ್ತಾನೆ. ಹಳಬ ಇದ್ದಲ್ಲೇ ಕೂರುತ್ತಾನೆ. ಗೋಡೆಗೆ ಬೆನ್ನು ಕೊಟ್ಟು ಕೂತು, ಗಾಳಿ ಯಾವ ಕಡೆಯಿಂದ ಬರುತ್ತಿದೆ ನೋಡಿಕೊಂಡು, ಇನ್ನೊಬ್ಬನ ದೀಪ ಕಾಣುವ ತನಕ ಕಾಯುತ್ತಾನೆ. ಕೂರುವುದೇ ಕಷ್ಟದ ಕೆಲಸ, ಓಡುವುದಕ್ಕೆ ಕಲಿಯಬೇಕಾಗಿಲ್ಲ ಅನ್ನುತ್ತಿದ್ದರು. ನಮ್ಮೆಜಮಾನರೂ ಅದೇ ಕತ್ತಲಲ್ಲಿ ಪಳಗಿದವರು. ಅಂದು ಅವರು ಮಾಡಿದ್ದನ್ನು ನಾನು ಆಮೇಲೆ ಒಂದೊಂದಾಗಿ ನೆನೆದುಕೊಂಡೆ. ಕೈ ಕದಲಿಸುವ ಮೊದಲು, ಜೇಬಿನಿಂದ ಬೀಗದ ಕೈ ತೆಗೆಯುತ್ತೇನೆ, ಎಡಗೈಯಲ್ಲಿ, ಅಂತ ಹೇಳಿಯೇ ಕದಲಿಸಿದರು. ಕಣ್ಣು ನೆಲದ ಮೇಲೆ. ಯಾರ ಮುಖವನ್ನೂ ದಿಟ್ಟಿಸಲಿಲ್ಲ. ಕೇಳಿದ್ದಕ್ಕೆ ಮಾತ್ರ ಉತ್ತರ, ಸುಳ್ಳಿಲ್ಲ. ಸೇಫು ಎಲ್ಲಿದೆ? ಮಲಗುವ ಕೋಣೆ, ಬೀರುವಿನ ಒಳಗೆ. ನಂಬರು? ಹೇಳಿದರು. ಮೊಬೈಲಿನ ಗುಟ್ಟಿನ ನಂಬರು? ಅದನ್ನೂ ಹೇಳಿದರು. ಒಮ್ಮೆಯಂತೂ ಸರ್ ಅಂದುಬಿಟ್ಟರು. ಆ ಒಂದು ಮಾತಿಗೆ ಇವರು ಮುಂದೆ ಎಷ್ಟೋ ರಾತ್ರಿ ನಿದ್ದೆಗೆಟ್ಟರು: "ಅವನಿಗೆ ಸರ್ ಅಂದೆನಲ್ಲೇ." ಅಂದರೆ ಏನಾಯಿತು, ಮೇಲಧಿಕಾರಿಗಳಿಗೆ ಅನ್ನಲಿಲ್ಲವೇ ಮೂವತ್ತು ವರ್ಷ, ಅಂದೆ ನಾನು.

ಪ್ಯಾನಿಕ್ ಬಟನ್ ಮಾತಿಗೆ ಬಂದರೆ, ಒತ್ತಿದ್ದರೆ ಬಂದೂಕಿನವರು ಐದಾರು ನಿಮಿಷದಲ್ಲಿ ಬರುತ್ತಿದ್ದರು, ನಿಜ. ಆಗ ಒಳಗೆ ನಾಲ್ಕು ಪಿಸ್ತೂಲು, ಹೊರಗೆ ನಾಲ್ಕು ಪಿಸ್ತೂಲು, ನಡುವೆ ಅಮ್ಮ. ದರೋಡೆಗಾರರು ಗೇಟಿನ ಹೊರಗೆ ಇರುವಾಗ ಒತ್ತುವ ಗುಂಡಿ ಅದು. ಒಳಗೆ ಬಂದ ಮೇಲೆ, ಅವರು ಬೇಗ ಹೊರಡಲಿ ಅನ್ನುವುದೊಂದೇ ನಮ್ಮ ಹಿತ, ಅವರದೂ ಅದೇ ಹಿತ. ಆ ಒಂದು ವಿಷಯದಲ್ಲಿ ಇಬ್ಬರೂ ಒಂದೇ ಪಕ್ಷ.

ಇಷ್ಟೆಲ್ಲ ಸರಿಯಾಗಿ ನಡೆಯುತ್ತಿದ್ದಾಗ ಕೆಡಿಸಿದ್ದು ಚಿನ್ನ. ಸೇಫಿನಲ್ಲಿದ್ದ ನಾಲ್ಕು ಬಳೆ, ಒಂದು ಎಳೆ ಅವಲಕ್ಕಿ ಸರ, ಓಲೆ, ನೋಟು, ಪಾಸ್‌ಪೋರ್ಟಿದ್ದ ಚೀಲ ಎಲ್ಲ ಅವರ ಕೈಸೇರಿತ್ತು. ಮೇಣದಬತ್ತಿಯ ಬೆಳಕಿಗೆ ನನ್ನ ಕತ್ತು ಹೊಳೆಯಿತೋ ಏನೋ. ಮುಂದಾಳು ಬಗ್ಗಿ ತಾಳಿಸರಕ್ಕೆ ಬೆರಳು ಹಾಕಿದ. ಎರಡು ಬೊಟ್ಟು, ನಡುವೆ ಕರಿಮಣಿ. ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಗರ ಅಂಗಡಿಯಲ್ಲಿ ಮಾಡಿಸಿದ್ದು. ಜೀವಮಾನವಿಡೀ ಚಿನ್ನ ಅಗೆದು, ಶಿಫ್ಟು ಮುಗಿದು ಮೇಲೆ ಬಂದಾಗ ಮೈ ತಡಕಿಸಿಕೊಂಡು ಮನೆಗೆ ಬರುತ್ತಿದ್ದ ಅಪ್ಪ, ಸಾಲ ಮಾಡಿ ಕೊಂಡ ಚಿನ್ನ. ಅಮ್ಮ ಸೋಫಾದಿಂದ ಎದ್ದಳು. ಎದ್ದವಳೇ ಅವನ ಕೈ ಹಿಡಿದಳು!

"ಬಿಡೋ, ಅದ ಮುಟ್ಟಬೇಡ. ನಿಮ್ಮನೇಲಿ ತಾಯಿ ಇಲ್ವಾ?" ಕನ್ನಡದಲ್ಲಿ.

ಮನೆ ಗಪ್ ಅಂತು. ಬಾಗಿಲಲ್ಲಿ ನಿಂತಿದ್ದವನು ಪಿಸ್ತೂಲು ಎತ್ತಿದ. ನಾನು ಆ ರಾತ್ರಿ ಹೆದರಿದ್ದು ಅದೊಂದು ಗಳಿಗೆಯಲ್ಲಿ ಮಾತ್ರ. ಅವರಿಗೆ ಹೆದರಿದ್ದಲ್ಲ, ಅಮ್ಮನಿಗೆ. ಜೀವನದಲ್ಲಿ ಮೊದಲ ಸಲ ಅವಳನ್ನು ಗದರಿದೆ: "ಅಮ್ಮ, ಕೈ ಬಿಡು! ಬಾಯಿ ಮುಚ್ಕೊಂಡು ಕೂತ್ಕೊ!" ಅವಳ ಮುಖ ಹೇಗಾಯಿತು ಅನ್ನುವುದು ಪಿಸ್ತೂಲಿಗಿಂತ ಚೆನ್ನಾಗಿ ನೆನಪಿದೆ. ನಾನು ತಿರುಗಿ ಅವನಿಗೆ, ನನ್ನ ಕೈ ಬಿಚ್ಚಿ, ನಾನೇ ತೆಗೆದುಕೊಡುತ್ತೇನೆ ಎಂದೆ. ಬಿಚ್ಚಿದ. ನಾನೇ ತೆಗೆದೆ. ನಾನೇ ಕೊಟ್ಟೆ. ಚಿಕ್ಕ ಹುಡುಗ ಅಮ್ಮನ ಭುಜ ಹಿಡಿದು ಮೆಲ್ಲಗೆ ಕೂರಿಸಿ, ಅಡುಗೆಮನೆಗೆ ಹೋಗಿ ಒಂದು ಲೋಟ ನೀರು ತಂದು ಕೊಟ್ಟ. ಅವಳು ಕುಡಿಯಲಿಲ್ಲ.

ಅವನೇ ಅಡುಗೆಮನೆಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ಮುದ್ದೆ ನೋಡಿದ್ದು. "ಪಾಪ್?" ಎಂದು ಕೇಳಿದ. ಮೆಕ್ಕೆಜೋಳದ ಹಿಟ್ಟಿನಿಂದ ಮುದ್ದೆಯಂತೆಯೇ ತಿರುವಿ ಮಾಡುವುದು ಅಲ್ಲಿನವರ ದಿನದ ಊಟ. ಅದಕ್ಕೆ ಪಾಪ್ ಅನ್ನುತ್ತಾರೆ. ರಾಗಿ, ಅಂದೆ ನಾನು. ಹೂಂ ಅಂದು, ಮುಚ್ಚಳವನ್ನು ಸರಿಯಾಗಿ ಮುಚ್ಚಿದ. ಒಲೆ ಆರಿಸಿದ್ದೂ ಅವನೇ. ಇದನ್ನು ಹೇಳಿದಾಗ ಕೆಲವರು, ಅಯ್ಯೋ ಎಷ್ಟು ಒಳ್ಳೆಯ ಹುಡುಗ ಅನ್ನುತ್ತಾರೆ. ಒಳ್ಳೆಯ ಹುಡುಗ ಅಲ್ಲ. ಅವನ ಜೇಬಿನಲ್ಲೂ ಪಿಸ್ತೂಲಿತ್ತು. ಆದರೆ ಮುಚ್ಚಳ ಮುಚ್ಚಿದ್ದೂ ನಿಜ, ಹೇಳದೆ ಬಿಡಲಾರೆ.

ಏಳೂಕಾಲಿಗೆ ಹೊರಟರು. ಟಿ.ವಿ., ಲ್ಯಾಪ್‌ಟಾಪು, ಮೊಬೈಲುಗಳು, ಅಮ್ಮನ ಪೆಟ್ಟಿಗೆ ಎಲ್ಲ ನಮ್ಮ ಕಾರಿಗೇ ತುಂಬಿಕೊಂಡು ಹೋದರು. ಕಾರು ಎರಡು ದಿನದ ಮೇಲೆ ಸಿಕ್ಕಿತು, ನಾಲ್ಕು ಚಕ್ರ ಬಿಟ್ಟು.

ಆಮೇಲಿನದೆಲ್ಲ ಕಾಗದಪತ್ರದ ಕಥೆ, ಬೇಗ ಮುಗಿಸುತ್ತೇನೆ. ಪೊಲೀಸರು ಬಂದರು, ಬಾಗಿಲು ಬೀರುಗಳಿಗೆ ಕಪ್ಪು ಪುಡಿ ಬಳಿದು ಬೆರಳಚ್ಚು ತೆಗೆದರು, ಒಂದು ಕೇಸ್ ನಂಬರು ಕೊಟ್ಟರು. ಆ ನಂಬರು ಇಲ್ಲದೆ ಮುಂದೆ ಒಂದು ಹೆಜ್ಜೆಯೂ ಇಡುವಂತಿಲ್ಲ. ವಿಮೆಗೆ ಅದು ಬೇಕು, ಬ್ಯಾಂಕಿಗೆ ಬೇಕು, ಹೊಸ ಪಾಸ್‌ಪೋರ್ಟಿಗೆ ಭಾರತೀಯ ದೂತಾವಾಸಕ್ಕೆ ಹೋದರೆ ಅಲ್ಲೂ ಬೇಕು. ಹೊರದೇಶದಲ್ಲಿರುವ ಮಕ್ಕಳ ತಂದೆತಾಯಿ ಯಾರಾದರೂ ಕೇಳುತ್ತಿದ್ದರೆ ಇಷ್ಟು ಹೇಳಿ: ಪಾಸ್‌ಪೋರ್ಟಿನ, ವೀಸಾದ ನಕಲನ್ನು ಮನೆಯಲ್ಲಲ್ಲದೆ ಬೇರೊಂದು ಕಡೆ ಇಡಲಿ. ನಾವು ಇಟ್ಟಿರಲಿಲ್ಲ. ಅಮ್ಮ ಊರಿಗೆ ವಾಪಸು ಹೋಗುವುದು ಒಂದು ತಿಂಗಳು ತಡವಾಯಿತು. ಇನ್ನು ಒಡವೆಗೆ ವಿಮೆಯವರು ರಶೀದಿ ಕೇಳಿದರು. ರಾಬರ್ಟ್‌ಸನ್‌ಪೇಟೆಯ ಅಕ್ಕಸಾಲಿಗರು ಯಾವ ಕಾಲದಲ್ಲಿ ರಶೀದಿ ಕೊಟ್ಟಿದ್ದರು? ಇವರು ಮದುವೆ ಆಲ್ಬಂ ತೆಗೆದುಕೊಂಡು ಹೋಗಿ ತೋರಿಸಿದರು. ಆ ಅಧಿಕಾರಿ ಪುಟ ತಿರುವಿ, ನೀವು ಆಗ ಬಹಳ ತೆಳ್ಳಗಿದ್ದಿರಿ ಅಂದನಂತೆ. ಒಡವೆಯ ದುಡ್ಡು ಬರಲಿಲ್ಲ.

ನಮ್ಮಂಥವರ ಮನೆಯನ್ನೇ ಯಾಕೆ ಹುಡುಕಿಕೊಂಡು ಬರುತ್ತಾರೆ ಅನ್ನುವುದಕ್ಕೆ ದೊಡ್ಡ ಸಂಶೋಧನೆ ಬೇಕಿಲ್ಲ. ಭಾರತೀಯರು ಚಿನ್ನವನ್ನು ಮನೆಯಲ್ಲೇ ಇಡುತ್ತಾರೆ ಎಂದು ಲೋಕಕ್ಕೆಲ್ಲ ಗೊತ್ತು. ಬ್ರಿಟನ್ನಿನ ಪೊಲೀಸರು ದೀಪಾವಳಿ ಹತ್ತಿರ ಬಂದಾಗ ನಮ್ಮವರ ಚಿನ್ನದ ಬಗ್ಗೆ ಎಚ್ಚರಿಕೆ ಹೇಳುತ್ತಾರೆ. ಅಮೆರಿಕದಲ್ಲಿ ಒಂದು ತಂಡ ಹಲವು ರಾಜ್ಯಗಳಲ್ಲಿ ಭಾರತೀಯರ ಮತ್ತು ಏಷ್ಯಾದವರ ಮನೆಗಳನ್ನೇ ಆರಿಸಿ ಆರಿಸಿ ನುಗ್ಗುತ್ತಿತ್ತು; ಅದನ್ನು ನಡೆಸುತ್ತಿದ್ದ ಟೆಕ್ಸಸ್‌ನ ಮಹಿಳೆಗೆ 2019ರಲ್ಲಿ ಮಿಷಿಗನ್ನಿನ ನ್ಯಾಯಾಲಯ 37 ವರ್ಷ ಶಿಕ್ಷೆ ಕೊಟ್ಟಿತು. ಲಾಕರಿನಲ್ಲಿಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಲಾಕರಿನಲ್ಲಿಟ್ಟರೆ ಹಬ್ಬಕ್ಕೆ ಹಾಕಿಕೊಳ್ಳೋದು ಹೇಗೆ ಅನ್ನುತ್ತಾರೆ. ಸರಿ.

ಪೊಲೀಸರ ಮೊದಲ ಪ್ರಶ್ನೆ, ನಿಮ್ಮ ಮನೆಯಲ್ಲಿ ಕೆಲಸಕ್ಕೆ ಯಾರಿದ್ದಾರೆ ಅನ್ನುವುದಾಗಿತ್ತು. ಎಲ್ಲ ಊರಿನ ಪೊಲೀಸರ ಮೊದಲ ಪ್ರಶ್ನೆಯೂ ಅದೇ ಇರಬೇಕು. ವಾರಕ್ಕೆ ಮೂರು ದಿನ ಬರುತ್ತಿದ್ದಾಕೆ ಲಿಂಪೋಪೊ ಕಡೆಯವಳು, ಒಂಬತ್ತು ವರ್ಷದಿಂದ ಇದ್ದವಳು. ನಾನು ಅವಳ ಹೆಸರು ಹೇಳಿದೆ. ಹೇಳುವಾಗ ಒಂದು ಅರೆಗಳಿಗೆ ನನ್ನ ಮನಸ್ಸಿನಲ್ಲೂ ಅದು ಹಾದುಹೋಯಿತು. ಗೇಟಿನ ಬ್ಯಾಟರಿ ಕೆಟ್ಟದ್ದು ಅವಳಿಗೆ ಗೊತ್ತಿತ್ತಲ್ಲ ಅಂತ. ಮಾರನೆಯ ಬೆಳಿಗ್ಗೆ ಹಾಡೀಡಾ ಹಕ್ಕಿಗಳು ಎಂದಿನಂತೆ ಮಾಡಿನ ಮೇಲೆ ಕೂತು ಕಿರುಚುತ್ತಿರುವಾಗ ಅವಳು ಬಂದಳು. ಏನೂ ಕೇಳದೆ ಬಟ್ಟೆ ಒದ್ದೆ ಮಾಡಿಕೊಂಡು ಕಪ್ಪು ಪುಡಿ ಒರೆಸತೊಡಗಿದಳು. ಬೀರುವಿನ ಬಾಗಿಲು ಒರೆಸುತ್ತಾ, ತಾನಿರುವ ಕಡೆ ಆ ವರ್ಷ ತನ್ನ ಮನೆಗೇ ಎರಡು ಸಲ ನುಗ್ಗಿದ್ದರು ಅಂದಳು. ತಗಡಿನ ಬಾಗಿಲು. ಮೊದಲ ಸಲ ಗ್ಯಾಸ್ ಒಲೆ ಹೋಯಿತು, ಎರಡನೇ ಸಲ ಮಗನ ಶಾಲೆಯ ಬೂಟು. ನಮಗೆ ಯಾಕೆ ಹೇಳಲಿಲ್ಲ ಅಂದೆ. ಹೇಳಿದರೆ ನೀವು ನನ್ನನ್ನು ಕಂಡು ಹೆದರುತ್ತಿದ್ದಿರಿ, ಅಂದಳು. ಪೊಲೀಸರು ಅವಳನ್ನು ಮಧ್ಯಾಹ್ನ ಕರೆಸಿ ಮೂರು ಗಂಟೆ ಕೂರಿಸಿದರು. ಅವಳ ವಿರುದ್ಧ ಏನೂ ಸಿಗಲಿಲ್ಲ. ಆ ಅರೆಗಳಿಗೆಯ ವಿಷಯ ನಾನು ಅವಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತಿತ್ತು ಅಂತ ನನ್ನ ಊಹೆ.

ದರೋಡೆಯ ರಾತ್ರಿ ನಾವೆಲ್ಲ ಚೆನ್ನಾಗಿಯೇ ಇದ್ದೆವು. ತಣ್ಣಗಾದ ಮುದ್ದೆಯನ್ನು ಬಿಸಿ ಸಾರಿನಲ್ಲಿ ಹಿಚುಕಿಕೊಂಡು ತಿಂದೆವು ಕೂಡ. ಕಷ್ಟ ಶುರುವಾದದ್ದು ಮೂರನೇ ವಾರಕ್ಕೆ. ಇವರು ಗೇಟಿನ ಹತ್ತಿರ ಬಂದು, ಒಳಗೆ ಬಾರದೆ, ಬೀದಿಯಲ್ಲಿ ಮೂರು ಸುತ್ತು ಕಾರು ಓಡಿಸಿ ಬರತೊಡಗಿದರು. ನನಗೆ ಸಂಜೆ ಆರೂವರೆ ಆದರೆ ಅಂಗೈ ಬೆವರುತ್ತಿತ್ತು, ಗಡಿಯಾರ ನೋಡದಿದ್ದರೂ. ಹುರುಳಿ ಬೇಯುವ ವಾಸನೆ ಬಂದರೆ ಹೊಟ್ಟೆ ತೊಳಸುತ್ತಿತ್ತು. ನನ್ನ ಇಷ್ಟದ ಬಸ್ಸಾರನ್ನೂ ಹೊತ್ತುಕೊಂಡು ಹೋದರಲ್ಲ ಎಂದು ಸಿಟ್ಟು ಬಂತು. ಪೊಲೀಸ್ ಠಾಣೆಯ ಮೂಲಕ ಒಬ್ಬ ಆಪ್ತಸಲಹೆಗಾರ್ತಿ ಬಂದರು. ಆಕೆ ಉಪದೇಶ ಮಾಡಲಿಲ್ಲ. ಆ ಸಂಜೆಯನ್ನು ಮೊದಲಿಂದ ಹೇಳಿ ಅಂದರು. ಹೇಳಿದೆ. ನಾನು ಪ್ರತಿ ಸಲವೂ ಅಮ್ಮ ಎದ್ದು ನಿಂತಲ್ಲಿಗೆ ನಿಲ್ಲಿಸುತ್ತಿದ್ದೆ. ಅವರು ಹೋದದ್ದನ್ನೂ ಹೇಳಿ, ಬಾಗಿಲು ಹಾಕಿಕೊಂಡದ್ದನ್ನೂ ಹೇಳಿ, ಊಟ ಮಾಡಿದ್ದನ್ನೂ ಹೇಳಿ ಅಂದರು ಆಕೆ. ಮನಸ್ಸು ಕಥೆಯನ್ನು ಅರ್ಧಕ್ಕೆ ಬಿಟ್ಟರೆ ದಿನಾ ಅರ್ಧದಲ್ಲೇ ನಿಂತಿರುತ್ತದಂತೆ. ಐದಾರು ಸಲ ಹೇಳಿದ ಮೇಲೆ ನಾನು ಊಟದವರೆಗೆ ತಲುಪಿದೆ.

ತಾಳಿಯ ವಿಷಯ ಒಂದು ಉಳಿಯಿತು. ಆ ರಾತ್ರಿ ಹನ್ನೊಂದು ಗಂಟೆಗೆ, ಪೊಲೀಸರು ಹೋದ ಮೇಲೆ, ಅಮ್ಮ ನನ್ನೊಂದಿಗೆ ಮಾತಿಲ್ಲದೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ತೆಗೆದು ತೆಗೆದು ನೋಡುತ್ತಿದ್ದಳು. ಕೊನೆಗೆ ಒಂದು ಅರಿಶಿನದ ಕೊಂಬು ಸಿಕ್ಕಿತು. ಫೋರ್ಡ್ಸ್‌ಬರ್ಗ್‌ನ ಓರಿಯೆಂಟಲ್ ಪ್ಲಾಜಾದಲ್ಲಿ ನಾನು ಕೊಂಡಿದ್ದು. ಆ ಪ್ಲಾಜಾದ್ದೇ ಒಂದು ಕಥೆ. ವರ್ಣಭೇದದ ಸರ್ಕಾರ ಪೇಜ್‌ವ್ಯೂ ಬಡಾವಣೆಯ ಭಾರತೀಯ ವ್ಯಾಪಾರಿಗಳನ್ನು ಅಂಗಡಿ ಸಮೇತ ಎಬ್ಬಿಸಿ ಎಪ್ಪತ್ತರ ದಶಕದಲ್ಲಿ ತಂದು ಕೂರಿಸಿದ ಜಾಗ ಅದು. ಮನೆಗೆ ನುಗ್ಗುವುದಕ್ಕೆ ಪಿಸ್ತೂಲೇ ಬೇಕೆಂದಿಲ್ಲ, ಒಂದು ಕಾಯಿದೆಯಿದ್ದರೂ ಸಾಕು. ಅಮ್ಮ ಹೊಲಿಗೆಡಬ್ಬಿಯಿಂದ ಬಿಳಿ ದಾರ ತೆಗೆದು, ಮೂರೆಳೆ ಹೊಸೆದು, ಅರಿಶಿನ ಸವರಿ, ಕೊಂಬು ಕಟ್ಟಿ ಇವರ ಕೈಗೆ ಕೊಟ್ಟಳು. ಇವರು ಬಲು ನಾಚಿಕೊಂಡು ಕಟ್ಟಿದರು. ಮೊದಲ ಸಲ ಕಟ್ಟುವಾಗ ಕೈ ನಡುಗಿತ್ತು, ಈ ಸಲ ನಡುಗಲಿಲ್ಲ ಅಂದರು.

ಆದರೂ ಅಮ್ಮ ನಾಲ್ಕು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಬಾಯಿ ಮುಚ್ಚು ಅಂದಿದ್ದೆನಲ್ಲ. ಐದನೇ ದಿನ ಬೆಳಿಗ್ಗೆ ಬಿಸಿಲಲ್ಲಿ ಕೂತು ತಲೆ ಬಾಚಿಸಿಕೊಳ್ಳುತ್ತಾ, ತಾನಾಗಿಯೇ ಅಂದಳು: "ಶಾಫ್ಟ್ ಹತ್ರ ನಿಂತ್ಕೊಂಡು ಎಷ್ಟು ಸಲ ಕಾದಿದ್ದೀನಿ ಕಣೇ ನಿಮ್ಮಪ್ಪನಿಗೆ. ಏನೂ ಮಾಡೋಕಾಗಲ್ಲ, ನಿಂತ್ಕೋಬೇಕು. ಅವತ್ತೊಂದಿನ ಏನಾದ್ರೂ ಮಾಡೋಣ ಅನ್ನಿಸ್ತು." ನಾನು ಉತ್ತರ ಕೊಡಲಿಲ್ಲ. ಬಾಚುತ್ತಲೇ ಇದ್ದೆ.

ವರ್ಷದ ಮೇಲೆ ನನ್ನ ಮೊಬೈಲಿಗೆ ಪೊಲೀಸರಿಂದ ಒಂದು ಸಂದೇಶ ಬಂತು. ಕೇಸ್ ನಂಬರು, ಆರೋಪಿಗಳು ಪತ್ತೆಯಾಗಿಲ್ಲ, ಕಡತ ಮುಚ್ಚಲಾಗಿದೆ. ನಾವು ಇನ್ನೂ ಮೂರು ವರ್ಷ ಅದೇ ಮನೆಯಲ್ಲಿದ್ದೆವು. ಬ್ಯಾಟರಿ ಬದಲಾಯಿಸಿದೆವು. ನಿವೃತ್ತಿಯಾದ ಮೇಲೆ ಕೋಲಾರಕ್ಕೆ ಬಂದು, ಈಗ ಅಮ್ಮನ ಜೊತೆಗೇ ಇದ್ದೇವೆ. ಇಲ್ಲಿ ಕಾಂಪೌಂಡಿಲ್ಲ. ಬೆಳಿಗ್ಗೆ ಐದಕ್ಕೆ ತೆರೆದ ಬಾಗಿಲು ರಾತ್ರಿ ಒಂಬತ್ತರವರೆಗೆ ತೆರೆದೇ ಇರುತ್ತದೆ. ಮೊದಲ ಆರು ತಿಂಗಳು ನಾನು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಿರಲಿಲ್ಲ.

ಹೋದ ತಿಂಗಳು ಪಕ್ಕದ ಬೀದಿಯ ಹೆಂಗಸರು ಅರಿಶಿನ ಕುಂಕುಮಕ್ಕೆ ಬಂದಿದ್ದರು. ಒಬ್ಬಾಕೆ ಹೊಸದಾಗಿ ಬಂದವಳು, ಅವಳಿಗೆ ಆಫ್ರಿಕಾದ ಕಥೆ ಗೊತ್ತಿರಲಿಲ್ಲ. ಅಮ್ಮ ಹೇಳತೊಡಗಿದಳು. ಎಂಬತ್ತು ದಾಟಿದೆ, ದನಿ ಮಾತ್ರ ಗಟ್ಟಿ. ಕರೆಂಟು ಹೋಗಿತ್ತು, ಬಾಗಿಲು ಮುರಿದರು, ಎಲ್ಲರ ಕೈಯಲ್ಲೂ ಬಂದೂಕು. ತಾನು ಎದ್ದು ಮುಂದಾಳಿನ ಕೈ ಹಿಡಿದು, ನಿಮ್ಮನೇಲಿ ತಾಯಿ ಇಲ್ವಾ ಅಂತ ಗದರಿದಳಂತೆ. ಅವನು ತಲೆ ತಗ್ಗಿಸಿ, ಗೋಗೊ ತಪ್ಪಾಯ್ತು ಅಂದನಂತೆ. ಎಲ್ಲರೂ ಸೇರಿ ಅವಳಿಗೆ ಕುಡಿಯಲು ನೀರು ಕೊಟ್ಟು, ನಮಸ್ಕಾರ ಮಾಡಿ ಹೋದರಂತೆ.

"ಎಷ್ಟು ಜನ ಇದ್ರಜ್ಜಿ?" ಎಂದು ಕೇಳಿದಳು ಆಕೆ.

"ಏಳು ಜನ" ಅಂದಳು ಅಮ್ಮ.

ಕಾನೂನಿನ ಪ್ರಕಾರ ಅದೀಗ ಡಕಾಯಿತಿಯೇ ಆಯಿತು. ಇವರು ಪೇಪರು ಕೆಳಗಿಳಿಸಿ ನನ್ನ ಮುಖ ನೋಡಿದರು. ಅಮ್ಮನೂ ಓರೆಗಣ್ಣಿನಲ್ಲಿ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು, ಎಲ್ಲರಿಗೂ ಕಾಫಿ ತರಲು ಒಳಗೆ ಹೋದೆ.